ಬೆಳಕಿನಿಂದ ಬಿಗಿಯುವ ಅಂಟು



ಹೋದ ವರ್ಷ ನನ್ನ ದವಡೆಯ ಹುಳುಕು ಹಲ್ಲೊಂದನ್ನು ತುಂಬಿಸಿಕೊಂಡೆನು. ದಂತವೈದ್ಯರು ಹಲ್ಲನ್ನು ಕೊರೆದು ಶುಚಿಮಾಡಿ, ಅಂಟನ್ನು ಲೇಪಿಸಿ, ಪುಟ್ಟ ದೀಪವೊಂದರಿಂದ ಅದಕ್ಕೆ ನೀಲಿ ಬೆಳಕನ್ನು ಹಿಡಿದರು. ಬಾಯಿ ತೆರೆದು ತೆರೆದು ನನಗೆ ಸಾಕಾಗಿದ್ದಿತು. ಇದೇನು ಹಲ್ಲಿಗೊಂದು ಮಂಗಳಾರತಿಯೆಂದು ಬಗೆದು, ನಡುವೆಯೇ ತಲೆಯನ್ನು ತಿರುಗಿಸಿದೆನು. ಆರು ತಿಂಗಳಲ್ಲಿ ಆ ತುಂಬಿಕೆಯು ಕಿತ್ತುಬಂದಿತು. ಅದರಡಿಯಲ್ಲಿ ಹುಳುಕು ಮತ್ತೆ ಹಬ್ಬಿದ್ದಿತು. ನನ್ನ ಚಾಪಲ್ಯವೊಂದೇ ಕಾರಣವೆಂದು ಸಾಧಿಸಲಾರೆ. ಆದರೆ ಅನಂತರ ವಿಚಾರಿಸಿ ತಿಳಿದ ಮೇಲೆ ನಾಚಿಕೆಯಾದುದು ನಿಜ.

ಹಲ್ಲು ನುಣುಪಾದುದು, ಸದಾ ತೇವವಾದುದು. ಅದಕ್ಕೆ ಅಂಟು ಹಿಡಿಯುವುದು ಸುಲಭವಲ್ಲ. 1955ರಲ್ಲಿ ಅಮೆರಿಕೆಯ ರೋಚೆಸ್ಟರ್ ನಗರದ ಮೈಕೇಲ್ ಬುವೊನೊಕೋರೆ ಎಂಬ ವಿದ್ವಾಂಸರು, ಹಲ್ಲಿನ ಮೇಲ್ಪದರವಾದ ಎನಾಮಲ್ಲಿಗೆ ಫಾಸ್ಫಾರಿಕ್ ಆಮ್ಲವನ್ನು ಸವರಿದರೆ ಅದು ಸೂಕ್ಷ್ಮವಾಗಿ ಒರಟಾಗಿ, ರಾಳವು ಭದ್ರವಾಗಿ ಕಚ್ಚಿಕೊಳ್ಳುವುದೆಂದು ತೋರಿಸಿದರು. ಮೊದಲು ಅಂಟನ್ನು ಗಟ್ಟಿಗೊಳಿಸಲು ಎರಡು ದ್ರವ್ಯಗಳನ್ನು ಬೆರೆಸುತ್ತಿದ್ದರು. 1970ರ ದಶಕದಲ್ಲಿ ಬೆಳಕಿನ ಕ್ರಮವು ಬಂದಿತು.

ಇಂದಿನ ಅನೇಕ ಅಂಟುಗಳಲ್ಲಿ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿಯ ವಸ್ತುವು ಅತ್ಯಲ್ಪವಾಗಿ ಬೆರೆತಿರುತ್ತದೆ. ಇದು ನಮ್ಮ ಕರ್ಪೂರದ ಮಗುವೇ ಸರಿ. ಕರ್ಪೂರದಿಂದಲೇ ಇದನ್ನು ಪಡೆಯಬಹುದು. ಮಂಗಳಾರತಿಯಲ್ಲಿ ಕರ್ಪೂರವು ಬೆಳಕನ್ನು ಕೊಡುತ್ತದೆ. ಇಲ್ಲಿ ಅದರ ಸಂತಾನವು ಬೆಳಕನ್ನು ಕುಡಿಯುತ್ತದೆ! ನೀಲಿ ಬೆಳಕು ಸೋಂಕಿದೊಡನೆ ಅದು ಎಚ್ಚೆತ್ತು, ಬಿಡಿಬಿಡಿಯಾಗಿದ್ದ ರಾಳದ ಅಣುಗಳು ಸರಪಣಿಯಂತೆ ಹೆಣೆದುಕೊಳ್ಳಲು ಕಾರಣವಾಗುತ್ತದೆ. ದ್ರವವು ಘನವಾಗುತ್ತದೆ.

ಇಲ್ಲಿ ಲೆಕ್ಕವುಂಟು. ಚದರ ಸೆಂಟಿಮೀಟರಿಗೆ 1000 ಮಿಲಿವಾಟ್ ಬೀಳುವ ಬೆಳಕನ್ನು 20 ಸೆಕೆಂಡು ಹಿಡಿದರೆ ಅಷ್ಟು ಜಾಗಕ್ಕೆ 20 ಜೂಲ್ ಶಕ್ತಿಯು ಸಲ್ಲುತ್ತದೆ. ದೀಪವು ದೂರವಾಗಿಯೋ ಓರೆಯಾಗಿಯೋ ಬೆಳಕು ಅರ್ಧಕ್ಕಿಳಿದರೆ, ಅದೇ ಕಾಲದಲ್ಲಿ ಸಲ್ಲುವುದು 10 ಜೂಲ್ ಮಾತ್ರ. ಆಗ ಮೇಲೆ ಗಟ್ಟಿಯಾಗಿ ಕಂಡರೂ ತಳದಲ್ಲಿ ಅಣುಗಳು ಅರೆಬರೆಯಾಗಿ ಹೆಣೆದಿರುತ್ತವೆ. ಹಲ್ಲನ್ನು ಹಿಡಿಯಬೇಕಾದ ಅಂಟು ಇರುವುದು ಆ ತಳದಲ್ಲಿಯೇ. ಅಂದು ನೋವಿಲ್ಲ, ಗುರುತಿಲ್ಲ. ಕಾಲಕ್ರಮದಲ್ಲಿ ತೇವವು ಒಳನುಗ್ಗಿ ಬಂಧವು ಸಡಿಲವಾಗುತ್ತದೆ. ಹಾಗೆಂದು ಬೆಳಕನ್ನು ಮಿತಿಮೀರಿ ಹಿಡಿಯುವುದೂ ಸಲ್ಲದು. ಅದರ ಕಾವು ಹಲ್ಲಿನೊಳಗಣ ಜೀವಭಾಗಕ್ಕೆ ತಾಕೀತು. ಎಷ್ಟು ಹೊತ್ತೆಂಬುದನ್ನು ಅಂಟು ಮತ್ತು ದೀಪಗಳನ್ನು ನೋಡಿ ವೈದ್ಯರೇ ನಿಶ್ಚಯಿಸತಕ್ಕದ್ದು.

ಸಂಸ್ಕೃತದಲ್ಲಿ ಶ್ಲೇಷವೆಂದರೆ ಅಂಟಿಕೊಳ್ಳುವುದು. ಒಂದೇ ಶಬ್ದಕ್ಕೆ ಎರಡರ್ಥಗಳು ಅಂಟಿದಾಗ ಆಲಂಕಾರಿಕರು ಅದನ್ನು ಶ್ಲೇಷಾಲಂಕಾರವೆನ್ನುತ್ತಾರೆ. ಅದನ್ನು ಮೂವತ್ತು ವರ್ಷ ಪಾಠಹೇಳಿದ ನನಗೆ, ಹಲ್ಲಿನ ಶ್ಲೇಷಕ್ಕಾಗಿ ಇಪ್ಪತ್ತು ಸೆಕೆಂಡು ಸುಮ್ಮನಿರಲು ಆಗಲಿಲ್ಲ!

ಆದುದರಿಂದ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ: ನೀಲಿ ದೀಪ ಉರಿಯುವಾಗ ಬಾಯನ್ನು ಚೆನ್ನಾಗಿ ತೆರೆದು ಅಲುಗದೆ ಇರಿ. ಆಯಾಸವಾದರೆ ದೀಪ ಹೊತ್ತಿಸುವುದಕ್ಕೆ ಮುಂಚೆಯೇ ಕೈಸನ್ನೆಯಿಂದ ತಿಳಿಸಿರಿ. ಆ ಬೆಳಕನ್ನು ದಿಟ್ಟಿಸಬೇಡಿರಿ. ಅದು ಕಣ್ಣಿಗೆ ಹಿತವಲ್ಲ. ಮಕ್ಕಳನ್ನು ಕರೆದೊಯ್ಯುವ ಮುನ್ನ, ಮನೆಯಲ್ಲಿಯೇ ಬಾಯಿ ತೆರೆಯಿಸಿ, ಇಪ್ಪತ್ತರವರೆಗೆ ಎಣಿಸುವ ಆಟವನ್ನು ಆಡಿಸಿರಿ. ನನ್ನ ಮೊಮ್ಮಗಳು ಹೀಗೆಯೇ ಕಲಿತು, ಕಳೆದ ವಾರ ಅಲುಗದೆ ಕುಳಿತು ಹಲ್ಲು ತುಂಬಿಸಿಕೊಂಡು ಬಂದಳು. ಅಜ್ಜನಿಗಿಂತ ಅವಳೇ ಜಾಣೆ.