ಮುಯ್ಯಿಗೆ ಕೊಟ್ಟ ಬೋಜವೂ ಅಪರಾಧವೇ?



ಕೋಣಂದೂರು, ಹೊಸನಗರ, ಸಾಗರದ ಕಡೆ ಕೆಲವು ಮನೆಗಳಲ್ಲಿ ಅನ್ನ ಹುಳಿಸಿ ಅಕ್ಕಿಬೋಜ ಎಂಬ ಮದ್ಯ ಮಾಡುವುದು ಹಳೆಯ ರೂಢಿ. ನಟ್ಟಿಗೆ ಬಂದವರಿಗೆ, ಅಡಿಕೆ ಸುಲಿದುಕೊಟ್ಟವರಿಗೆ ಒಂದು ಚೊಂಬು ಕೊಟ್ಟರೆ ತಪ್ಪೇನು, ದುಡ್ಡು ಮುಟ್ಟಿಲ್ಲವಲ್ಲ ಎನ್ನುವವರಿದ್ದಾರೆ.

ಕಾನೂನು ಹಾಗೆ ಹೇಳುವುದಿಲ್ಲ.

ಕರ್ನಾಟಕ ಅಬಕಾರಿ ಕಾಯ್ದೆ, 1965ರ 13ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದೇ ನಿಷಿದ್ಧ. 32ನೇ ಕಲಮಿನಲ್ಲಿ ಅದಕ್ಕೆ ಜೈಲು, ದಂಡ ಎರಡೂ ಇವೆ. ಮಾರಿದರೋ, ಮುಯ್ಯಾಳಿನ ಲೆಕ್ಕಕ್ಕೆ ಕೊಟ್ಟರೋ, ತಾವೇ ಕುಡಿದರೋ ಎಂಬುದು ಆಮೇಲಿನ ಮಾತು.

1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಈ ನಾಡಿಗೆ ಬಿಗಿ ಕಾನೂನು ಬೇಕು, ನಿಜ. ಆದರೆ ಅಲ್ಲಿ ಜೀವ ತೆಗೆದದ್ದು ಮೆಥನಾಲ್. ಭಟ್ಟಿ ಇಳಿಸದೆ, ಬರಿದೇ ಹುಳಿಸಿದ ಬೋಜವನ್ನು ಅದೇ ಸಾಲಿಗೆ ಸೇರಿಸುವುದು ಅನ್ಯಾಯ. ಅಮೆರಿಕ 1978ರಲ್ಲೇ ಕಾಯ್ದೆ ಮಾಡಿ, ವಯಸ್ಕರೊಬ್ಬರು ಮನೆ ಬಳಕೆಗೆ ವರ್ಷಕ್ಕೆ 100 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಲು ಬಿಟ್ಟಿತು, ಮಾರುವಂತಿಲ್ಲ, ಅಷ್ಟೇ. ಅಸ್ಸಾಂನ ದಿಮಾಸಾ ಜನರ ಅಕ್ಕಿಮದ್ಯ ಜುಡಿಮಾಗೆ 2021ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೇ ದೊರೆಯಿತು.

ಮನೆ ಬಳಕೆಗೂ ನೆರೆಹೊರೆಗೆ ಹಂಚುವುದಕ್ಕೂ ಇಂತಿಷ್ಟೇ ಲೀಟರ್ ಎಂದು ಮಿತಿ ಹಾಕುವ ತಿದ್ದುಪಡಿಯನ್ನು ಮಲೆನಾಡಿನ ಶಾಸಕರು ಮುಂದಿನ ಅಧಿವೇಶನದಲ್ಲಿ ಕೇಳಬೇಕು.

— ಓದುಗ, ಕೋಣಂದೂರು