ದಸ್ತರ್‌ಖಾನೋ, ಬಲೆಯೋ?

ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಕುರ್‌ಆನ್ ಹೆಸರಿಸುತ್ತದೆ. ಬಡವರು, ನಿರ್ಗತಿಕರು, ಸಾಲಗಾರರ ಜೊತೆಗೆ ಅದರಲ್ಲಿ ದಾರಿಹೋಕನೂ ಇದ್ದಾನೆ. ಅರಬಿಯಲ್ಲಿ ಅವನಿಗೆ 'ಇಬ್ನುಸ್ಸಬೀಲ್' ಎನ್ನುತ್ತಾರೆ. ಅಂದರೆ ದಾರಿಯ ಮಗ. ತನ್ನ ಊರಿನಲ್ಲಿ ಅವನು ಸಿರಿವಂತನೇ ಆಗಿರಬಹುದು. ಆದರೆ ದಾರಿಯಲ್ಲಿ ಅವನಿಗೆ ಮನೆಯಿಲ್ಲ, ನೆಂಟರಿಲ್ಲ, ಸಾಕ್ಷಿ ಹೇಳುವವರಿಲ್ಲ. ಅವನು ಉಣ್ಣುವ ತುತ್ತಿನಲ್ಲಿ ಏನಿದೆ ಎಂದು ಎಚ್ಚರಿಸುವವರೂ ಇಲ್ಲ. ಅವನ ಈ ಅಸಹಾಯಕತೆಯನ್ನು ಕಂಡೇ ಎಲ್ಲ ಧರ್ಮಗಳೂ ಅವನಿಗೆ ಅನ್ನ ನೀರು ಕೊಡುವುದನ್ನು ಪುಣ್ಯವೆಂದವು. ಛತ್ರ, ಅರವಟ್ಟಿಗೆ, ಮುಸಾಫಿರ್‌ಖಾನೆ, ದಾಸೋಹ, ಲಂಗರ್ ಎಲ್ಲವೂ ಹುಟ್ಟಿದ್ದು ಹೀಗೆ. ಇದೇ ಅಸಹಾಯಕತೆಯನ್ನು ಕಂಡು ಬಲೆ ನೇಯ್ದವರೂ ಇದ್ದಾರೆ. ನಾವು ಇಲ್ಲಿ ಮಾತನಾಡಬೇಕಾಗಿರುವುದು ಅವರ ಬಗ್ಗೆ.

1972ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಚಾಟನೂಗ ಎಂಬ ನಗರದಲ್ಲಿ ಯೂಜೀನ್ ಸ್ಪ್ರಿಗ್ಸ್ ಎಂಬಾತ ತನ್ನ ಹೆಂಡತಿಯೊಂದಿಗೆ ಯುವಕರ ಒಂದು ಸಣ್ಣ ಕ್ರೈಸ್ತ ಕೂಟವನ್ನು ಕಟ್ಟಿದ. ಸ್ವಲ್ಪ ಕಾಲದಲ್ಲೇ ಆ ಕೂಟ 'ಯೆಲ್ಲೋ ಡೆಲಿ' ಎಂಬ ಹೆಸರಿನ ಹೋಟೆಲನ್ನು ತೆರೆಯಿತು. ಇವತ್ತು ಅದು 'ಟ್ವೆಲ್ವ್ ಟ್ರೈಬ್ಸ್', ಅಂದರೆ ಹನ್ನೆರಡು ಬುಡಕಟ್ಟುಗಳು ಎಂಬ ಹೆಸರಿನ ಪಂಥ. ಕೆಲವು ಸಾವಿರ ಸದಸ್ಯರು ಹಲವು ದೇಶಗಳಲ್ಲಿ ಒಟ್ಟಾಗಿ ಬಾಳುತ್ತಾರೆ. ಸ್ಪ್ರಿಗ್ಸ್ 2021ರಲ್ಲಿ ತೀರಿಕೊಂಡ, ಪಂಥ ಮುಂದುವರಿದಿದೆ. ಸೇರುವವರು ತಮ್ಮ ಆಸ್ತಿಯನ್ನೆಲ್ಲ ಸಾಮೂಹಿಕ ಬೊಕ್ಕಸಕ್ಕೆ ಒಪ್ಪಿಸಬೇಕು. ಹಳೆಯ ಹೆಸರು ಬಿಟ್ಟು ಹೀಬ್ರೂ ಹೆಸರು ತೆಗೆದುಕೊಳ್ಳಬೇಕು. ದುಡಿಯಬೇಕು, ಸಂಬಳ ಕೇಳಬಾರದು.

ಈ ಪಂಥದ ಹೋಟೆಲುಗಳಿಗೆ ಹೋದವರು ಅವುಗಳನ್ನು ಹೊಗಳುತ್ತಾರೆ. ಕೈಯಿಂದಲೇ ಕೊರೆದ ಮರದ ಮೇಜುಗಳು, ಮಂದ ಬೆಳಕು, ಮನೆಯಲ್ಲಿ ಸುಟ್ಟ ರೊಟ್ಟಿ, ನಗುಮುಖದ ಬಡಿಸುವವರು. ವರ್ಮಾಂಟ್ ರಾಜ್ಯದ ರಟ್ಲಂಡ್‌ನಲ್ಲಿ ಹೋಟೆಲಿಗೆ ಅಂಟಿಕೊಂಡು ಒಂದು ತಂಗುದಾಣವೂ ಇದೆ. ಅಪಲೇಶಿಯನ್ ಟ್ರೈಲ್ ಎಂಬ ಸುಮಾರು 3,500 ಕಿಲೋಮೀಟರ್ ಉದ್ದದ ಕಾಲುದಾರಿ ಹದಿನಾಲ್ಕು ರಾಜ್ಯಗಳನ್ನು ಹಾದು ಆ ಊರಿನ ಸಮೀಪ ಹೋಗುತ್ತದೆ. ಇಡೀ ದಾರಿಯನ್ನು ನಡೆಯಲು ಐದಾರು ತಿಂಗಳು ಬೇಕು. ನಡೆಯುವವರಲ್ಲಿ ಬಹಳ ಮಂದಿ ಕಾಲೇಜು ಮುಗಿಸಿ ಕೆಲಸ ಸಿಗದವರು, ಕೆಲಸ ಬಿಟ್ಟವರು, ಸಂಬಂಧ ಮುರಿದುಕೊಂಡವರು. ಮುಂದೇನು ಎಂದು ಗೊತ್ತಿಲ್ಲದ ಯುವಕ ಯುವತಿಯರು. ಕಾಲು ಬೊಬ್ಬೆ ಬಂದು, ವಾರಗಟ್ಟಲೆ ಒಣ ತಿನಿಸು ತಿಂದು ಬಂದವರಿಗೆ ಇಲ್ಲಿ ಹಾಸಿಗೆ, ಬಿಸಿನೀರು, ಊಟ ಸಿಗುತ್ತದೆ. ಬದಲಿಗೆ ಕೈಲಾದಷ್ಟು ದುಡ್ಡು ಕೊಡಬಹುದು, ಇಲ್ಲವೇ ಒಂದಿಷ್ಟು ಕೆಲಸ ಮಾಡಬಹುದು. ಕೆಲಸ ಮಾಡುತ್ತಾ ಮಾತು, ಮಾತಿನ ನಡುವೆ ಪ್ರಾರ್ಥನೆಗೆ ಕರೆ, ಪ್ರಾರ್ಥನೆಯ ಕೊನೆಗೆ ಹಾಡು ಕುಣಿತ. ಇನ್ನೊಂದು ದಿನ ಇರಬಾರದೇ ಎಂಬ ಅಕ್ಕರೆಯ ಕೇಳಿಕೆ.

ಇದರಲ್ಲಿ ತಪ್ಪೇನು ಎಂದು ಓದುಗರು ಕೇಳಬಹುದು. ಊಟ ಹಾಕಿದ್ದರಲ್ಲಿ ತಪ್ಪಿಲ್ಲ. ತಮ್ಮ ನಂಬಿಕೆಯನ್ನು ಹೇಳಿಕೊಂಡದ್ದರಲ್ಲೂ ತಪ್ಪಿಲ್ಲ. ಹೋಟೆಲಿನ ಮೇಜಿನ ಮೇಲೆ ಅವರ ಕರಪತ್ರಗಳು ಇರುತ್ತವೆ, ಅದೂ ನಿಜ. ತಪ್ಪು ಇರುವುದು ಆ ತಿಂಡಿಪಟ್ಟಿಯಲ್ಲಿ ಬರೆಯದೇ ಬಿಟ್ಟ ಸಂಗತಿಗಳಲ್ಲಿ.

ಅಲ್ಲಿ ಮಕ್ಕಳನ್ನು ಬೆತ್ತದಿಂದ ಹೊಡೆದು ಬೆಳೆಸುವುದು ದೇವರ ಆಜ್ಞೆ ಎಂಬ ಬೋಧನೆ ಇದೆ ಎಂದು ತಿಂಡಿಪಟ್ಟಿ ಹೇಳುವುದಿಲ್ಲ. 2013ರಲ್ಲಿ ಜರ್ಮನಿಯ ಒಬ್ಬ ಪತ್ರಕರ್ತ ಪಂಥಕ್ಕೆ ಸೇರುವವನಂತೆ ಒಳಹೊಕ್ಕು, ಮಕ್ಕಳಿಗೆ ಬೀಳುತ್ತಿದ್ದ ಏಟುಗಳನ್ನು ಗುಪ್ತ ಕ್ಯಾಮರಾದಲ್ಲಿ ಹಿಡಿದ. ಆ ಸೆಪ್ಟೆಂಬರ್‌ನಲ್ಲಿ ಬವೇರಿಯಾದ ಪೊಲೀಸರು 40 ಮಕ್ಕಳನ್ನು ತಮ್ಮ ರಕ್ಷಣೆಗೆ ತೆಗೆದುಕೊಂಡರು. ತಂದೆತಾಯಿಯರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋದರು. 2018ರಲ್ಲಿ ಆ ನ್ಯಾಯಾಲಯ ಜರ್ಮನಿಯ ಕ್ರಮವನ್ನು ಎತ್ತಿಹಿಡಿಯಿತು. ಅದೇ ವರ್ಷ ಅಮೆರಿಕದ ನಾಗರಿಕ ಹಕ್ಕುಗಳ ಸಂಸ್ಥೆ ಸದರ್ನ್ ಪಾವರ್ಟಿ ಲಾ ಸೆಂಟರ್, ಕರಿಯರು ದಾಸರಾಗಿರುವುದೇ ದೇವರ ಇಚ್ಛೆ ಎನ್ನುವಂಥ ಪಂಥದ ಬೋಧನೆಗಳನ್ನು ಬಯಲಿಗೆಳೆಯಿತು. ಅದಕ್ಕೂ ಮೊದಲು 2001ರಲ್ಲಿ, ಪಂಥದ ಕಾರ್ಖಾನೆಯಲ್ಲಿ ಮಕ್ಕಳು ದುಡಿಯುತ್ತಿದ್ದುದು ಹೊರಬಿದ್ದಾಗ, ಅದರಿಂದ ಸರಕು ಮಾಡಿಸಿಕೊಳ್ಳುತ್ತಿದ್ದ ಎಸ್ಟೀ ಲಾಡರ್ ಎಂಬ ಸೌಂದರ್ಯಸಾಧನಗಳ ಕಂಪೆನಿ ವ್ಯವಹಾರ ಮುರಿದುಕೊಂಡಿತು.

ರುಚಿಯಾದ ಸ್ಯಾಂಡ್‌ವಿಚ್ ತಿಂದು ಹೊರಡುವ ಗಿರಾಕಿಗೆ ಈ ಯಾವ ಸಂಗತಿಯೂ ತಿಳಿಯುವುದಿಲ್ಲ. ಅದೇ ಬೀದಿಯಲ್ಲಿ ಆಳುಗಳಿಗೆ ಸಂಬಳ ಕೊಟ್ಟು ಹೋಟೆಲು ನಡೆಸುವವನು ಸಂಬಳವೇ ಇಲ್ಲದವರ ಹೋಟೆಲಿನ ಎದುರು ಹೇಗೆ ನಿಲ್ಲಬೇಕು ಎಂದೂ ಯಾರೂ ಕೇಳುವುದಿಲ್ಲ. ಬಡಿಸುವವಳ ನಗು ಭಕ್ತಿಯದ್ದೇ ಇರಬಹುದು. ಆದರೆ ಹತ್ತು ವರ್ಷ ಬಡಿಸಿ ಒಂದು ದಿನ ಹೊರಗೆ ಹೋಗಬೇಕೆನಿಸಿದಾಗ ಅವಳ ಕೈಯಲ್ಲಿ ಏನಿರುತ್ತದೆ? ಬೊಕ್ಕಸಕ್ಕೆ ಹಾಕಿದ್ದು ಹೋಯಿತು, ದುಡಿಮೆಯ ಲೆಕ್ಕವಿಲ್ಲ, ಬಿಟ್ಟು ಬಂದ ನೆಂಟರು ದೂರವಾದರು. ಬಾಗಿಲಿಗೆ ಬೀಗವಿಲ್ಲ ನಿಜ. ಆದರೆ ಬಸ್ಸಿನ ದುಡ್ಡೂ ಇಲ್ಲದವರಿಗೆ ತೆರೆದ ಬಾಗಿಲಿನಿಂದ ಏನು ಪ್ರಯೋಜನ?

'ವಯಸ್ಸಿಗೆ ಬಂದವರು ಒಪ್ಪಿ ಹೋಗಿದ್ದಾರೆ, ನಮಗೇನು?' ಎನ್ನುವ ಉದಾರಿಗಳಿದ್ದಾರೆ. ಅವರಿಗೆ ನಾವು ಕ್ಯಾಲಿಫೋರ್ನಿಯಾದ ಒಂದು ಮೊಕದ್ದಮೆಯನ್ನು ನೆನಪಿಸಬೇಕು. ಕೊರಿಯಾದ ಸನ್ ಮ್ಯುಂಗ್ ಮೂನ್ 1954ರಲ್ಲಿ ಸ್ಥಾಪಿಸಿದ ಯೂನಿಫಿಕೇಶನ್ ಚರ್ಚಿನವರು 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಬರುವ ಪ್ರಯಾಣಿಕರನ್ನು ಕಾಯುತ್ತಿದ್ದರು. 1979ರಲ್ಲಿ ವಕೀಲಿ ಪರೀಕ್ಷೆ ಬರೆಯಲು ಬಂದು ಬಸ್ಸಿಗೆ ಕಾಯುತ್ತಿದ್ದ ಒಬ್ಬ ಯುವಕನನ್ನು ಊಟಕ್ಕೆ ಕರೆದರು. ನೀವು ಯಾವುದಾದರೂ ಧರ್ಮದವರೋ ಎಂದು ಅವನು ಕೇಳಿದ. ಅಲ್ಲ ಎಂದರು. ಊಟದಿಂದ ವಾರಾಂತ್ಯದ ಶಿಬಿರಕ್ಕೆ, ಶಿಬಿರದಿಂದ ಇನ್ನೊಂದು ಶಿಬಿರಕ್ಕೆ ಹೋದದ್ದಾಯಿತು. ತಾನು ಯಾರ ನಡುವೆ ಇದ್ದೇನೆಂದು ತಿಳಿಯುವ ಹೊತ್ತಿಗೆ ಅವನು ಅವರವನೇ ಆಗಿದ್ದ. ಹೊರಬಂದ ಮೇಲೆ ಅವನು ಹಾಕಿದ ದಾವೆಯಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1988ರಲ್ಲಿ ಹೇಳಿದ್ದು ಬಹಳ ಮುಖ್ಯ. ನಂಬಿಕೆ ಸರಿಯೋ ತಪ್ಪೋ ಎಂದು ನ್ಯಾಯಾಲಯ ನೋಡುವುದಿಲ್ಲ; ಆದರೆ ತಾವು ಯಾರೆಂಬುದನ್ನೇ ಸುಳ್ಳು ಹೇಳಿ ಕರೆದೊಯ್ದರೆ ಅದು ವಂಚನೆಯ ದಾವೆಗೆ ಒಳಪಡುತ್ತದೆ, ಧರ್ಮ ಸ್ವಾತಂತ್ರ್ಯದ ಗುರಾಣಿ ಅದಕ್ಕೆ ಸಿಗದು. ಏನನ್ನು ಒಪ್ಪುತ್ತಿದ್ದೇವೆಂದೇ ಗೊತ್ತಿಲ್ಲದವರ ಒಪ್ಪಿಗೆ ಒಪ್ಪಿಗೆಯಲ್ಲ.

ಇನ್ನೊಂದು ಕಡೆ, ಇದೆಲ್ಲ ಮಿದುಳು ತೊಳೆಯುವ ಮಾಯಾವಿದ್ಯೆ ಎಂದು ಬೊಬ್ಬಿಡುವವರಿದ್ದಾರೆ. ಅವರ ಮಾತನ್ನೂ ನಾವು ಒಪ್ಪಲಾರೆವು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ ಇದೇ ಚರ್ಚಿನ ಶಿಬಿರಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 1984ರಲ್ಲಿ ಪುಸ್ತಕ ಬರೆದರು. ಶಿಬಿರಕ್ಕೆ ಬಂದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಸೇರಲೇ ಇಲ್ಲ ಎಂಬುದು ಅವರು ಕಂಡುಕೊಂಡ ಸತ್ಯ. ಮಾಯವಿದ್ದಿದ್ದರೆ ಒಂಬತ್ತು ಮಂದಿ ತಪ್ಪಿಸಿಕೊಳ್ಳುತ್ತಿರಲಿಲ್ಲ. ಮಾಯೆಯೆಂದು ನಂಬಿದ್ದರ ಫಲವಾಗಿ ಆ ಕಾಲದಲ್ಲಿ ತಂದೆತಾಯಿಯರು ಬಾಡಿಗೆಯ ಜನರನ್ನಿಟ್ಟು ವಯಸ್ಕ ಮಕ್ಕಳನ್ನು ಅಪಹರಿಸಿ, ಕೋಣೆಯಲ್ಲಿ ಕೂಡಿಹಾಕಿ 'ಸರಿಮಾಡಿಸಿದ' ಪ್ರಸಂಗಗಳು ನಡೆದವು. ರೋಗಕ್ಕಿಂತ ಮದ್ದು ಕೆಟ್ಟದಾಯಿತು. ಸರಕಾರವೂ ಹೀಗೆ ಎಡವಿದ್ದುಂಟು. 1984ರ ಜೂನ್‌ನಲ್ಲಿ ವರ್ಮಾಂಟ್‌ನ ಪೊಲೀಸರು ಐಲಂಡ್ ಪಾಂಡ್ ಎಂಬ ಊರಿನಲ್ಲಿ ಟ್ವೆಲ್ವ್ ಟ್ರೈಬ್ಸ್‌ನ 112 ಮಕ್ಕಳನ್ನು ನಸುಕಿನಲ್ಲಿ ಎತ್ತಿಕೊಂಡು ಹೋದರು. ಯಾವ ಮಗುವಿಗೆ ಏನಾಗಿದೆ ಎಂಬ ಸಾಕ್ಷ್ಯ ಅವರ ಬಳಿ ಇರಲಿಲ್ಲ. ನ್ಯಾಯಾಧೀಶರು ಅದೇ ದಿನ ಮಕ್ಕಳನ್ನು ಮನೆಗೆ ಕಳಿಸಿದರು. ಇಂದಿಗೂ ಪಂಥ ಆ ದಿನವನ್ನು ತನ್ನ ಹಿಂಸೆಯ ಕಥೆಯಾಗಿ ಹೇಳಿಕೊಳ್ಳುತ್ತದೆ. ಸಾಕ್ಷ್ಯವಿಲ್ಲದ ದಾಳಿ ತಪ್ಪಿತಸ್ಥರನ್ನು ಹುತಾತ್ಮರನ್ನಾಗಿ ಮಾಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ಇದು ಪಶ್ಚಿಮದವರ ಕಥೆ, ನಮ್ಮದಲ್ಲ ಎಂದು ನಿಟ್ಟುಸಿರು ಬಿಡುವಂತಿಲ್ಲ. ನಮ್ಮ ಪುಣೆಯಿಂದ ಅಮೆರಿಕಕ್ಕೆ ಹೋಗಿ ಒರೆಗಾನ್‌ನಲ್ಲಿ ನಗರವನ್ನೇ ಕಟ್ಟಿದ ರಜನೀಶರ ಆಶ್ರಮ 1984ರಲ್ಲಿ ದೇಶದ ನಾನಾ ನಗರಗಳ ಬೀದಿಗಳಿಂದ ಸಾವಿರಾರು ಮನೆಯಿಲ್ಲದವರನ್ನು ಬಸ್ಸುಗಳಲ್ಲಿ ಕರೆತಂದಿತು. ಹಾಸಿಗೆ, ಊಟ, ಬಟ್ಟೆ ಎಲ್ಲ ಪುಕ್ಕಟೆ. ಕಾರಣ ಅನುಕಂಪವಲ್ಲ, ಕೌಂಟಿಯ ಚುನಾವಣೆ. ಅವರ ಮತ ದಕ್ಕುವುದಿಲ್ಲವೆಂದು ತಿಳಿದಾಗ ಅವರನ್ನು ಸುತ್ತಲ ಊರುಗಳಲ್ಲಿ ಇಳಿಸಿಬಿಟ್ಟರು. ಅದೇ ವರ್ಷ ಪಕ್ಕದ ಪಟ್ಟಣದ ಹೋಟೆಲುಗಳ ತರಕಾರಿ ಬಟ್ಟಲುಗಳಿಗೆ ಆಶ್ರಮದ ಕೆಲವರು ರೋಗಾಣು ಬೆರೆಸಿ 751 ಮಂದಿಯನ್ನು ಕಾಯಿಲೆಗೆ ತಳ್ಳಿದರು. ಮತದಾರರು ಹಾಸಿಗೆ ಹಿಡಿದರೆ ಚುನಾವಣೆ ಗೆಲ್ಲಬಹುದೆಂಬ ಲೆಕ್ಕಾಚಾರ ಅದು.

ಈಗ ನಮ್ಮ ನಾಡಿನ ಮಾತಿಗೆ ಬರೋಣ. ಇಂಥ ಕಥೆಗಳನ್ನು ಕೇಳಿದ ಕೂಡಲೇ 'ನೋಡಿ, ಅನ್ನದ ಆಮಿಷ ತೋರಿಸಿ ಮತಾಂತರ ಮಾಡುತ್ತಾರೆ' ಎಂದು ಕೈ ತೋರಿಸಲು ಇಲ್ಲಿ ಜನರು ಸಿದ್ಧರಿದ್ದಾರೆ. 2022ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಮತಾಂತರ ತಡೆ ಕಾಯ್ದೆ ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಪುಕ್ಕಟೆ ಶಿಕ್ಷಣ ಇವನ್ನೆಲ್ಲ ಆಮಿಷದ ಪಟ್ಟಿಗೆ ಸೇರಿಸಿತು. 2023ರ ಜೂನ್‌ನಲ್ಲಿ ಹೊಸ ಸರಕಾರದ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಆದರೆ ಆ ಕಾಯ್ದೆಯ ಹಿಂದಿರುವ ಸಂಶಯ ರದ್ದಾಗಿಲ್ಲ. ಆ ಸಂಶಯದ ಕಣ್ಣಿಗೆ ಪಾದ್ರಿಯ ಆಸ್ಪತ್ರೆ, ದರ್ಗಾದ ಲಂಗರ್, ಮುಸ್ಲಿಮ್ ನೆರೆಯವನು ಕೊಟ್ಟ ಈದಿನ ಖೀರು ಎಲ್ಲವೂ ಗಾಳದ ಎರೆಹುಳುವೇ. ಟ್ವೆಲ್ವ್ ಟ್ರೈಬ್ಸ್‌ನ ತಪ್ಪನ್ನು ಗುರುತಿಸಲು ಇಷ್ಟು ಒರಟು ಜರಡಿ ಸಾಲದು. ಆ ಜರಡಿಯಲ್ಲಿ ವಂಚಕರು ಸೋರಿಹೋಗುತ್ತಾರೆ, ಹಸಿದವನಿಗೆ ಬಡಿಸಿದವನು ಸಿಕ್ಕಿಬೀಳುತ್ತಾನೆ.

ಅನ್ನ ಕೊಟ್ಟದ್ದು ಅಪರಾಧವಲ್ಲ. ಅನ್ನದ ಬೆಲೆಯನ್ನು ಮುಚ್ಚಿಟ್ಟದ್ದು ಅಪರಾಧ. ಈ ಎರಡರ ನಡುವಿನ ಗೆರೆಯನ್ನು ಅಳಿಸುವವರು ಪಂಥಗಳಿಗೂ ಉಪಕಾರ ಮಾಡುತ್ತಾರೆ, ದ್ವೇಷ ಹರಡುವವರಿಗೂ ಉಪಕಾರ ಮಾಡುತ್ತಾರೆ.

ಉರ್ದು ಮದರಸಗಳಲ್ಲಿ ಓದಿದವರಿಗೆ ಶೇಖ್ ಸಾದಿಯ 'ಬೋಸ್ತಾನ್' ಕೃತಿಯ ಒಂದು ಕಥೆ ಗೊತ್ತಿರುತ್ತದೆ. ಅತಿಥಿಯಿಲ್ಲದೆ ಊಟಕ್ಕೆ ಕೂರದ ಹಝ್ರತ್ ಇಬ್ರಾಹೀಮರು ಒಂದು ದಿನ ಒಬ್ಬ ಮುದುಕ ದಾರಿಹೋಕನನ್ನು ಮನೆಗೆ ಕರೆತಂದರು. ಊಟದ ಹೊತ್ತಿಗೆ ಅವನು ದೇವರ ಹೆಸರೆತ್ತಲಿಲ್ಲ. ಕೇಳಿದರೆ ಅಗ್ನಿಪೂಜಕನೆಂದು ಗೊತ್ತಾಯಿತು. ಇಬ್ರಾಹೀಮರು ಅವನನ್ನು ಹೊರಗಟ್ಟಿದರು. ಆಗ ಆಕಾಶದಿಂದ ಬಂದ ಗದರಿಕೆಯ ಸಾರ ಇಷ್ಟು: ನೂರು ವರ್ಷ ನಾನು ಅವನಿಗೆ ಅನ್ನವನ್ನೂ ಆಯುಸ್ಸನ್ನೂ ಕೊಟ್ಟಿದ್ದೇನೆ, ಒಂದು ಹೊತ್ತು ಅವನನ್ನು ಸಹಿಸಲು ನಿನ್ನಿಂದ ಆಗಲಿಲ್ಲವೇ? ಏಳುನೂರೈವತ್ತು ವರ್ಷಗಳಿಗೂ ಹಳೆಯ ಈ ಕಥೆಯೇ ಮೆಹಮಾನ್ ನವಾಝಿಯ ಅಳತೆಗೋಲು. ಅತಿಥಿ ನಮ್ಮ ನಂಬಿಕೆಗೆ ಬಾರದೇ ಹೊಟ್ಟೆ ತುಂಬಿಸಿಕೊಂಡು ಎದ್ದು ಹೋದರೂ ನಮ್ಮ ಮುಖ ಕಪ್ಪಿಡಬಾರದು. ಕಪ್ಪಿಟ್ಟರೆ ನಾವು ಹಾಸಿದ್ದು ದಸ್ತರ್‌ಖಾನಲ್ಲ, ಬಲೆ.

ಈ ಅಳತೆಗೋಲನ್ನು ನಾವು ಅನ್ಯರ ಕಡೆಗೆ ಮಾತ್ರ ಹಿಡಿದರೆ ಅದು ಕಪಟ. ನಮ್ಮ ಅರವಟ್ಟಿಗೆಗಳಲ್ಲಿ ಜಾತಿ ಕೇಳಿ ದೂರದಿಂದ ನೀರು ಸುರಿದ ಇತಿಹಾಸವಿದೆ. ಅನ್ನಛತ್ರಗಳಲ್ಲಿ ಪಂಕ್ತಿಭೇದವಿದೆ. ನಮ್ಮವರಲ್ಲೂ ಊಟಕ್ಕೆ ಕೂಡಿಸಿ ಬೇರೊಂದು ಜಮಾಅತಿನವರನ್ನು ಹೀನಾಯವಾಗಿ ಬೈಯುವ, ಉಂಡವನು ತಮ್ಮ ಗುಂಪಿಗೆ ಬರಲಿಲ್ಲವೆಂದು ಸಲಾಮಿಗೆ ಉತ್ತರ ಕೊಡದ ಮಹಾನುಭಾವರಿದ್ದಾರೆ. ಇನ್ನು ಬೆತ್ತದ ಮಾತು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆ. ಆದರೂ ಪಾಠ ಒಪ್ಪಿಸದ ಮಗುವಿಗೆ ಏಟು ಬೀಳುವುದು ನಮ್ಮ ಎಷ್ಟೋ ಶಾಲೆಗಳಲ್ಲಿ, ಮದರಸಗಳಲ್ಲಿ ನಿಂತಿಲ್ಲ. ಬವೇರಿಯಾದ ಮಕ್ಕಳಿಗಾಗಿ ಮರುಗುವ ನಾವು ಪಕ್ಕದ ಓಣಿಯ ಮಗುವಿನ ಅಳುವನ್ನು 'ವಿದ್ಯೆ ಕಲಿಯುತ್ತಿದೆ' ಎಂದು ಸುಮ್ಮನಾಗುವುದು ಯಾವ ನ್ಯಾಯ?

ನಮ್ಮ ಊರುಗಳಿಂದಲೂ ಈಗ ಮಕ್ಕಳು ಓದಿಗೆ, ಕೆಲಸಕ್ಕೆ ದೂರದೇಶಗಳಿಗೆ ಹೋಗುತ್ತಿದ್ದಾರೆ. ಅವರಿಗೆ ಯಾರನ್ನೂ ನಂಬಬೇಡಿ ಎಂದು ಹೇಳಿ ಕಳಿಸುವುದು ಸುಲಭ. ಅಪರಿಚಿತರ ಅನ್ನವಿಲ್ಲದೆ ಯಾವ ಪ್ರಯಾಣವೂ ಸಾಗದು ಎನ್ನುವುದೂ ಅಷ್ಟೇ ನಿಜ. ಅವರಿಗೆ ಮೂರು ಪ್ರಶ್ನೆಗಳನ್ನು ಕಟ್ಟಿಕೊಡೋಣ. ನೀವು ಯಾರು? ಈ ಊಟದ ಬೆಲೆಯೇನು? ನಾನು ನಾಳೆ ಹೊರಟರೆ ನನ್ನದೆಲ್ಲ ನನ್ನ ಜೊತೆ ಬರುತ್ತದೆಯೇ? ನಿಜವಾದ ಆತಿಥೇಯನಿಗೆ ಈ ಪ್ರಶ್ನೆಗಳಿಂದ ನೋವಾಗುವುದಿಲ್ಲ. ಸರಕಾರಗಳೂ ಇಷ್ಟನ್ನೇ ಕೇಳಲಿ: ದುಡಿದವರಿಗೆ ಕೂಲಿ ಎಲ್ಲಿ, ಹೊರಟವರಿಗೆ ಪಾಲು ಎಲ್ಲಿ, ಮಕ್ಕಳ ಮೈಮೇಲೆ ಬರೆ ಯಾಕೆ? ದೇವರ ಬಗ್ಗೆ ಅವರು ಏನು ನಂಬುತ್ತಾರೆಂಬುದನ್ನು ದೇವರಿಗೇ ಬಿಡಲಿ. ದಾರಿಯ ಮಗನಿಗೆ ನಾವು ಕೊಡಬೇಕಾದದ್ದು ಒಂದು ತುತ್ತು ಅನ್ನ, ಮತ್ತು ಅವನು ಬಂದ ದಾರಿಯಲ್ಲೇ ಮುಂದೆ ಹೋಗುವ ಹಕ್ಕು. ಎರಡನೆಯದನ್ನು ಕೊಡದವರು ಮೊದಲನೆಯದನ್ನೂ ಕೊಟ್ಟಂತಾಗಲಿಲ್ಲ.