ಕಟೌಟಿನಷ್ಟು ಎತ್ತರ ಇದ್ದಾನಾ ನಮ್ಮ ರಾಹುಲ್?

ಸಿನಿಮಾ ಪತ್ರಿಕೆಯಲ್ಲಿ ಕ್ರಿಕೆಟ್ ಯಾಕಪ್ಪಾ ಅಂತ ಹುಬ್ಬು ಗಂಟು ಹಾಕಬೇಡಿ. ಕೆ.ಎಲ್. ರಾಹುಲ್ ಈಗ ಅರ್ಧ ನಮ್ಮ ಪೈಕಿಯವನೇ. ಮಾವ ಸುನೀಲ್ ಶೆಟ್ಟಿ, ಹೆಂಡತಿ ಆಥಿಯಾ ಶೆಟ್ಟಿ. 2023ರ ಜನವರಿಯಲ್ಲಿ ಖಂಡಾಲಾದ ಬಂಗಲೆಯಲ್ಲಿ ಮದುವೆ. ಮೈತುಂಬ ಹಚ್ಚೆ, ಬಗೆಬಗೆಯ ಹೇರ್‌ಸ್ಟೈಲು. ಅದೂ ಸಾಲದು ಅಂತ 2025ರ ಏಪ್ರಿಲ್ 10ರ ರಾತ್ರಿ ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಡೆಲ್ಲಿ ತಂಡದ ಪರವಾಗಿ 53 ಎಸೆತಕ್ಕೆ ಅಜೇಯ 93 ಹೊಡೆದು, ನಮ್ಮ ಆರ್‌ಸಿಬಿಯನ್ನೇ ಸೋಲಿಸಿ, ಬ್ಯಾಟಿನಿಂದ ನೆಲದ ಮೇಲೆ ಒಂದು ವೃತ್ತ ಎಳೆದು, ಅದರ ನಡುವೆ ಬ್ಯಾಟು ಕುಟ್ಟಿ ನಿಂತ. ಆಮೇಲೆ ಕೇಳಿದ್ದಕ್ಕೆ, ‘ಕಾಂತಾರ’ ನನ್ನ ಮೆಚ್ಚಿನ ಚಿತ್ರ, ಅದರಿಂದಲೇ ಬಂದದ್ದು, ಇದು ನಾನು ಬೆಳೆದ ಮೈದಾನ ಅಂದ. ಇಂಥಾ ಪುಕ್ಕಟೆ ಪ್ರಚಾರ ರಿಷಬ್ ಶೆಟ್ಟರಿಗೆ ಎಷ್ಟು ಪೋಸ್ಟರ್ ಅಂಟಿಸಿದರೂ ಸಿಗುತ್ತಿರಲಿಲ್ಲ ಬಿಡಿ!

ಅವತ್ತಿನಿಂದ ಜಯನಗರ ನಾಲ್ಕನೇ ಬ್ಲಾಕಿನ ಬಸ್ ಸ್ಟ್ಯಾಂಡಿನಲ್ಲಿ ಎರಡು ಪಕ್ಷ. ಬನಶಂಕರಿ ಕಡೆಯ ಹುಡುಗರು ‘ಬರೀ ಬಿಲ್ಡಪ್ಪು ಗುರೂ, ಪೋಸು ಜಾಸ್ತಿ, ರನ್ನು ಕಮ್ಮಿ’ ಅಂತಾರೆ. ಜೆ.ಪಿ. ನಗರದವರು ‘ಕ್ಲಾಸ್ ಕಣೋ, ನಿಂಗೇನ್ ಗೊತ್ತು’ ಅಂತಾರೆ. ಬಿಟಿಎಂ ಲೇಔಟಿನವರು ಇಬ್ಬರನ್ನೂ ಬೈದು ಕೊಹ್ಲಿ ಅಂತಾರೆ. ಇವರ ಜಗಳದಲ್ಲಿ ನನ್ನ ಟೀ ಆರಿ ಹೋಗಿದ್ದೇ ಬಂತು. ಅದಕ್ಕೇ ಈ ವಾರ ಲೆಕ್ಕ ಹಾಕಿಬಿಡೋಣ. ಇವನಿಗೆ ಸಿಕ್ಕ ಪ್ರಚಾರಕ್ಕೆ ಇವನು ಅರ್ಹನಾ?

ಮೊದಲು ಬನಶಂಕರಿ ಪಕ್ಷದ ವಾದ. ಅದರಲ್ಲಿ ಹುರುಳಿಲ್ಲ ಅನ್ನೋ ಹಾಗಿಲ್ಲ. 2014ರ ಡಿಸೆಂಬರ್‌ನಲ್ಲಿ ಮೆಲ್ಬರ್ನಿನಲ್ಲಿ ಮೊದಲ ಟೆಸ್ಟ್: 3 ಮತ್ತು 1. ಮುಂದಿನದೇ ಸಿಡ್ನಿಯಲ್ಲಿ 110. ಅದೇ ತಿಂಗಳು ರಣಜಿಯಲ್ಲಿ ಉತ್ತರ ಪ್ರದೇಶದ ಮೇಲೆ 337; ರಣಜಿಯಲ್ಲಿ ಕರ್ನಾಟಕದವನೊಬ್ಬ ಮುನ್ನೂರು ದಾಟಿದ್ದು ಅದೇ ಮೊದಲು. ಅಷ್ಟು ಸಾಕಾಯಿತು. ಹೆಸರು ಬೇರೆ ರಾಹುಲ್, ಊರು ಬೇರೆ ಬೆಂಗಳೂರು. ಇನ್ನೊಬ್ಬ ದ್ರಾವಿಡ್ ಬಂದ ಅಂತ ಪತ್ರಿಕೆಗಳು ತುತ್ತೂರಿ ಊದಿದವು. (ಅಸಲಿಗೆ ಸುರತ್ಕಲ್ಲಿನ ಪ್ರೊಫೆಸರ್ ಅಪ್ಪ ಗವಾಸ್ಕರ್ ಭಕ್ತರು. ಗವಾಸ್ಕರ್ ಮಗನ ಹೆಸರು ರೋಹನ್ ಅನ್ನೋದನ್ನ ರಾಹುಲ್ ಅಂದುಕೊಂಡು ಇಟ್ಟ ಹೆಸರಂತೆ ಇದು.)

ಆಮೇಲೆ ಏನಾಯ್ತು? 2023ರ ಫೆಬ್ರವರಿ ಹೊತ್ತಿಗೆ 47 ಟೆಸ್ಟ್, ಸರಾಸರಿ 33 ಚಿಲ್ಲರೆ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು, ನಿಜ. ಆದರೆ ನನ್ನ ಕಾಲಕ್ಕೆ ಪಾಸಾಗೋಕೆ 35 ಬೇಕಿತ್ತು ಅನ್ನೋದು ಚೆನ್ನಾಗಿ ನೆನಪಿದೆ. ದ್ರಾವಿಡ್ ಸರಾಸರಿ 52. ಆಗ ನಮ್ಮ ಬೆಂಗಳೂರಿನವರೇ ಆದ ವೆಂಕಟೇಶ್ ಪ್ರಸಾದ್ ಎದ್ದು ನಿಂತು, ಇದು ಆಟ ನೋಡಿ ಕೊಟ್ಟ ಜಾಗ ಅಲ್ಲ, ಮುಖ ನೋಡಿ ಕೊಟ್ಟ ಜಾಗ ಅನ್ನೋ ಅರ್ಥ ಬರೋ ಹಾಗೆ ಬಹಿರಂಗವಾಗಿ ಬರೆದರು. ವೈಸ್ ಕ್ಯಾಪ್ಟನ್ ಪಟ್ಟ ಹೋಯ್ತು. ಮುಂದಿನ ಟೆಸ್ಟಿಗೆ ಜಾಗವೂ ಹೋಯ್ತು.

ಐಪಿಎಲ್ ಕಥೆ ಕೇಳಿ. 2018ರಲ್ಲಿ ಪಂಜಾಬ್ ಕೊಟ್ಟಿದ್ದು 11 ಕೋಟಿ, 2022ರಲ್ಲಿ ಲಕ್ನೋ ಕೊಟ್ಟಿದ್ದು 17 ಕೋಟಿ. 2020ರಲ್ಲಿ 670 ರನ್ ಹೊಡೆದು ಕೇಸರಿ ಟೋಪಿ ಹಾಕಿಕೊಂಡ, ತಂಡ ಮಾತ್ರ ಪ್ಲೇ ಆಫ್ ಮುಖ ನೋಡಲಿಲ್ಲ. ಹೀರೋ ಎಂಟ್ರಿಗೆ ಶಿಳ್ಳೆ, ಫೈಟಿಗೆ ಶಿಳ್ಳೆ, ಪಿಕ್ಚರ್ ಮಾತ್ರ ಎರಡನೇ ವಾರಕ್ಕೆ ಡಬ್ಬ. ನಿಮಗೆ ಇಂಥ ಹೀರೋಗಳು ಗೊತ್ತಲ್ಲ? ಹೆಸರು ಹೇಳಿದರೆ ನನ್ನ ಕಾಲಂ ಇರೋದಿಲ್ಲ.

ಇನ್ನು ಆ ದರಿದ್ರ ಟಿವಿ ಶೋ. 2019ರ ಜನವರಿಯಲ್ಲಿ ಕರಣ್ ಜೋಹರ್ ಸೋಫಾದ ಮೇಲೆ ಹಾರ್ದಿಕ್ ಪಾಂಡ್ಯ ಬಾಯಿ ಬಿಟ್ಟ, ಪಕ್ಕದಲ್ಲಿ ಕೂತಿದ್ದ ಇವನೂ ಸಸ್ಪೆಂಡ್ ಆದ. ಆಟ ಕೆಟ್ಟಾಗಲೂ ಸುದ್ದಿ, ಮಾತು ಕೆಟ್ಟಾಗಲೂ ಸುದ್ದಿ. ರಾಹುಲ್ ಸುದ್ದಿಯಿಂದ ಹೊರಗೆ ಇದ್ದ ವಾರ ಯಾವುದು ಹೇಳಿ ನೋಡೋಣ?

ಈಗ ನಾನು ನಿಮ್ಮನ್ನು 2016ರ ಡಿಸೆಂಬರ್‌ಗೆ ಕರೆದುಕೊಂಡು ಹೋಗ್ತೀನಿ. ಈ ಜಗಳದ ತೀರ್ಪು ಇರೋದು ಅಲ್ಲಿ. ಚೆನ್ನೈ ಚೆಪಾಕ್, ಎದುರಿಗೆ ಇಂಗ್ಲೆಂಡ್. 18ನೇ ತಾರೀಕು ಭಾನುವಾರ. ಜೆ.ಪಿ. ನಗರದ ಒಂದು ಟಿವಿ ಅಂಗಡಿ ಮುಂದೆ ನಾವೊಂದು ಹದಿನೈದು ಜನ ನಿಂತಿದ್ದೆವು. ರಾಹುಲ್ 199ರಲ್ಲಿದ್ದಾನೆ. ರಶೀದ್ ಹಾಕಿದ ಚೆಂಡು ಹೊರಗೆ ಹೋಗ್ತಿತ್ತು, ಇವನು ಹೋಗಿ ಹೊಡೆದ, ನೆಟ್ಟಗೆ ಬಟ್ಲರ್ ಕೈಗೆ. ತಲೆ ಹಿಡಿದುಕೊಂಡು ಅಲ್ಲೇ ಬಗ್ಗಿಬಿಟ್ಟ. ಅಂಗಡಿ ಮುಂದೆ ಯಾರಿಗೂ ಮಾತಿಲ್ಲ. ಅಂಗಡಿಯವನೂ ಟಿವಿ ಆರಿಸಲಿಲ್ಲ, ಪಾಪ.

ಮಾರನೇ ದಿನ ಸೋಮವಾರ. ಅದೇ ಪಿಚ್ಚು, ಅದೇ ಬೌಲರುಗಳು. ರಾಹುಲ್ ಜೊತೆ ಹುಡುಗನಾಗಿದ್ದಾಗಿನಿಂದ ಆಡಿ ಬೆಳೆದ ಗೆಳೆಯ, ನಮ್ಮ ಬೆಂಗಳೂರಿನ ಕರುಣ್ ನಾಯರ್. ಅದು ಅವನ ಮೂರನೇ ಟೆಸ್ಟ್. ಹಿಂದಿನ ಎರಡರಲ್ಲಿ 4 ಮತ್ತು 13. ಅವತ್ತು 381 ಎಸೆತಕ್ಕೆ ಅಜೇಯ 303! ಭಾರತದಲ್ಲಿ ಸೆಹ್ವಾಗ್ ಬಿಟ್ಟರೆ ಇನ್ನೊಬ್ಬ ಇವನೇ. ಮೊದಲ ಶತಕವನ್ನೇ ಮುನ್ನೂರು ಮಾಡಿದವರು ಲೋಕದಲ್ಲಿ ಅದುವರೆಗೆ ಇಬ್ಬರೇ ಇದ್ದರು, ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್. ಇವನು ಮೂರನೆಯವನು. ತಂಡದ ಮೊತ್ತ 7 ವಿಕೆಟಿಗೆ 759. ಭಾರತ ಟೆಸ್ಟಿನಲ್ಲಿ ಅಷ್ಟು ರನ್ ಹಿಂದೆಂದೂ ಕಂಡಿರಲಿಲ್ಲ.

ಒಂದೇ ಪಂದ್ಯ, ಒಂದೇ ಊರಿನ ಇಬ್ಬರು ಹುಡುಗರು, 199 ಮತ್ತು 303. ಇಷ್ಟೇ ಹೇಳಿ, ಇವರಲ್ಲಿ ಸ್ಟಾರ್ ಯಾರಾದ ಅಂತ ಹೊರಗಿನವನನ್ನು ಕೇಳಿದರೆ ಏನು ಹೇಳ್ತಾನೆ?

ಎರಡು ತಿಂಗಳೂ ತುಂಬಿರಲಿಲ್ಲ. 2017ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ಬಾಂಗ್ಲಾದೇಶದ ವಿರುದ್ಧ ಟೆಸ್ಟ್. ಗಾಯ ವಾಸಿಯಾಗಿ ರಹಾನೆ ಬಂದ, 303 ಹೊಡೆದವನು ಬೆಂಚಿಗೆ ಹೋದ. ಸ್ವಾಮೀ, ನೂರು ದಿನ ಓಡಿದ ಚಿತ್ರ ಕೊಟ್ಟ ನಿರ್ದೇಶಕನಿಗೆ ಮುಂದಿನ ಮುಹೂರ್ತದ ದಿನ ಗೇಟಿನಲ್ಲೇ ‘ಯಾರು ಬೇಕಿತ್ತು?’ ಅಂದ ಹಾಗಾಯ್ತು! ಆಮೇಲೆ ಆಸ್ಟ್ರೇಲಿಯಾದ ಮೇಲೆ ಮೂರು ಟೆಸ್ಟ್ ಕೊಟ್ಟರು. 26, 0, 23, 5. ಮುಗೀತು. 2018ರಲ್ಲಿ ಇಂಗ್ಲೆಂಡಿಗೆ ಕರೆದುಕೊಂಡು ಹೋಗಿ ಪಂದ್ಯದ ಮೇಲೆ ಪಂದ್ಯ ಕೂರಿಸಿದರು. ಕೊನೆಗೆ ಒಂದು ಜಾಗ ಖಾಲಿಯಾದಾಗ ನಡುವೆ ಕರೆಸಿದ ಹನುಮ ವಿಹಾರಿಯನ್ನು ಆಡಿಸಿದರು. 2022ರಲ್ಲಿ ನಮ್ಮ ಕರ್ನಾಟಕ ತಂಡದಲ್ಲೂ ಜಾಗ ಇಲ್ಲ. ಆ ಡಿಸೆಂಬರ್ ಹತ್ತರಂದು ಆತ ಕ್ರಿಕೆಟ್ಟನ್ನೇ ಹೆಸರು ಹಿಡಿದು ಕರೆದು, ಇನ್ನೊಂದೇ ಒಂದು ಅವಕಾಶ ಕೊಡು ಅಂತ ಒಂದು ಸಾಲು ಬರೆದ. ನನ್ನನ್ನು ಕೇಳಿದರೆ, ಮುನ್ನೂರು ಹೊಡೆದ ಮನುಷ್ಯ ಹಾಗೆ ಬೇಡೋ ಹಾಗಾಗಬಾರದಿತ್ತು.

ಈಗ ರಾಹುಲ್ ಕಡೆ ತಿರುಗಿ. ಕರುಣ್‌ಗೆ ಕೊಟ್ಟಿದ್ದು ನಾಲ್ಕು ಇನಿಂಗ್ಸ್. ರಾಹುಲ್‌ಗೆ 33ರ ಸರಾಸರಿಯಲ್ಲಿ ಎಂಟು ವರ್ಷ. ಪ್ರಚಾರದ ಬೆಲೆ ಇದು. ಜಾಹೀರಾತು, ದುಡ್ಡು, ನಟಿಯ ಜೊತೆ ಫೋಟೋ, ಇವೆಲ್ಲ ಚಿಲ್ಲರೆ. ಪ್ರಚಾರದಿಂದ ಸಿಗೋ ಅಸಲು ಮಾಲು ಇನ್ನೊಂದು ಚಾನ್ಸು. ಹೆಸರು ಇದ್ದವನು ಸೋತರೆ ‘ಫಾರ್ಮ್ ಇಲ್ಲ’. ಹೆಸರು ಇಲ್ಲದವನು ಸೋತರೆ ‘ಕೈಲಾಗಲ್ಲ’. ಬಿಟಿಎಂನಲ್ಲಿ ನನ್ನ ರೂಮಿನಲ್ಲಿದ್ದ ಗೆಳೆಯನೊಬ್ಬ ಒಂದು ಚಿತ್ರದಲ್ಲಿ ಎರಡೇ ಸೀನು ಮಾಡಿ ಥಿಯೇಟರಿನಲ್ಲಿ ಚಪ್ಪಾಳೆ ಗಿಟ್ಟಿಸಿದ. ಆಮೇಲೆ ಒಂದು ವರ್ಷ ಫೋನು ಚಾರ್ಜಿಗೆ ಹಾಕಿ ಕಾದ. ಯಾರೂ ಕರೀಲಿಲ್ಲ. ಈಗ ಪಾರ್ಸಲ್ ಕಂಪನಿಯಲ್ಲಿದ್ದಾನೆ. ಕರುಣ್ ಬಗ್ಗೆ ಮಾತು ಬಂದರೆ ಅವನು ಎದ್ದು ಹೊರಗೆ ಹೋಗ್ತಾನೆ.

ಹಾಗಂತ ರಾಹುಲ್‌ನ ಬೈಯೋಣವಾ? ಬೇಡ. ಕೊಟ್ಟವರ ತಪ್ಪಿಗೆ ಇಸ್ಕೊಂಡವನನ್ನ ಯಾಕೆ ಬೈಬೇಕು? ಆರಂಭಿಕನಾಗಿ ಬಾ ಅಂದರೆ ಬಂದ, ಆರನೇ ನಂಬರಿಗೆ ಹೋಗು ಅಂದರೆ ಹೋದ, ಕೀಪರ್ ಗ್ಲೌಸು ಹಾಕಿಕೋ ಅಂದರೆ ಹಾಕಿಕೊಂಡ. 2023ರ ವಿಶ್ವಕಪ್ಪಿನಲ್ಲಿ ಆಸ್ಟ್ರೇಲಿಯಾದೆದುರು 2 ರನ್ನಿಗೆ 3 ವಿಕೆಟ್ ಹೋಗಿದ್ದಾಗ ಕೊಹ್ಲಿ ಜೊತೆ ನಿಂತು ಅಜೇಯ 97 ಹೊಡೆದು ಗೆಲ್ಲಿಸಿದ. ಅದೇ ಕಪ್ಪಿನ ಫೈನಲ್‌ನಲ್ಲಿ 107 ಎಸೆತಕ್ಕೆ 66, ಬೌಂಡರಿ ಒಂದೇ ಒಂದು. ಅದಕ್ಕೆ ದೇಶಪೂರ್ತಿ ಬೈಸಿಕೊಂಡ. ಮುಂದಿನ ತಿಂಗಳೇ ದಕ್ಷಿಣ ಆಫ್ರಿಕಾದ ಸೆಂಚೂರಿಯನ್ನಿನಲ್ಲಿ ತಂಡ 245ಕ್ಕೆ ಮಕಾಡೆ ಮಲಗಿದಾಗ ಇವನೊಬ್ಬನದೇ 101.

2025ರ ಇಂಗ್ಲೆಂಡ್ ಪ್ರವಾಸ ನೋಡಿ. ಕೊಹ್ಲಿ ಇಲ್ಲ, ರೋಹಿತ್ ಇಲ್ಲ. ಲೀಡ್ಸ್‌ನಲ್ಲಿ 137, ಲಾರ್ಡ್ಸ್‌ನಲ್ಲಿ ಸರಿಯಾಗಿ 100. ಮ್ಯಾಂಚೆಸ್ಟರಿನಲ್ಲಿ ಸೊನ್ನೆಗೆ ಎರಡು ವಿಕೆಟ್ ಬಿದ್ದ ಮೇಲೆ 90, ಆ ಪಂದ್ಯ ಉಳೀತು. ಒಟ್ಟು 532. ಹಚ್ಚೆ ಕಾಣದ ಹಾಗೆ ಫುಲ್ ಕೈ ಸ್ವೆಟರ್ ಹಾಕಿಕೊಂಡವನಂತೆ, ಹೊರಗೆ ಹೋಗೋ ಚೆಂಡನ್ನೆಲ್ಲ ಹೋಗು ಮಗನೇ ಅಂತ ಬಿಟ್ಟು ಬಿಟ್ಟು ಆಡಿದ. ತಮಾಷೆ ಏನು ಗೊತ್ತಾ? ಆ ಸರಣಿಯ ದೊಡ್ಡ ಹೆಡ್ಡಿಂಗು ಇವನಿಗೆ ಸಿಗಲಿಲ್ಲ. 754 ಹೊಡೆದ ಗಿಲ್, ಮುರಿದ ಕಾಲಲ್ಲಿ ಬ್ಯಾಟು ಹಿಡಿದ ಪಂತ್, ಓವಲ್‌ನ ಕೊನೇ ದಿನದ ಸಿರಾಜ್. ಇವನು ಅವರ ಹಿಂದೆ ಗ್ರೂಪ್ ಫೋಟೋದಲ್ಲಿ!

ಅದಕ್ಕೆ ನನ್ನ ತೀರ್ಪು ಹೀಗೆ. ನಿರ್ಮಾಪಕರು ಹೀರೋಗೆ ಅಡ್ವಾನ್ಸ್ ಕೊಡ್ತಾರಲ್ಲ, ಹಾಗೆ ರಾಹುಲ್‌ಗೆ 2015ರಿಂದ 2023ರವರೆಗೆ ಸಿಕ್ಕ ಪ್ರಚಾರ ಬಹುಪಾಲು ಅಡ್ವಾನ್ಸು. ಆಗ ಅದಕ್ಕೆ ಅರ್ಹನಾಗಿರಲಿಲ್ಲ. ತಡವಾಗಿ ಆದರೂ ಬಡ್ಡಿ ಸಮೇತ ತೀರಿಸಿದ, ಈಗ ಅರ್ಹ. ಬನಶಂಕರಿಯವರೂ ಗೆದ್ದರು, ಜೆ.ಪಿ. ನಗರದವರೂ ಗೆದ್ದರು, ಬೇಕಿದ್ದರೆ ಇಬ್ಬರೂ ಸೇರಿ ನನಗೊಂದು ಟೀ ಕೊಡಿಸಿ.

ಆದರೆ ಅಡ್ವಾನ್ಸೇ ಸಿಗದವನ ಲೆಕ್ಕ? ಕರುಣ್ ವಿದರ್ಭಕ್ಕೆ ಹೋಗಿ ಆಡಿದ. 2024-25ರ ವಿಜಯ್ ಹಜಾರೆಯಲ್ಲಿ ಐದು ಶತಕ, 779 ರನ್, ಔಟಾಗಿದ್ದು ಬರೀ ಎರಡು ಸಲ; ಫೈನಲ್‌ನಲ್ಲಿ ಅವನನ್ನು ಸೋಲಿಸಿದ್ದು ಬೇರೆ ಯಾರೂ ಅಲ್ಲ, ನಮ್ಮ ಕರ್ನಾಟಕವೇ. ರಣಜಿಯಲ್ಲಿ 863 ರನ್, ವಿದರ್ಭಕ್ಕೆ ಕಪ್ಪು. ಕೊನೆಗೂ 2025ರಲ್ಲಿ ಇಂಗ್ಲೆಂಡಿಗೆ ಕರೆ ಬಂತು, ಎಂಟು ವರ್ಷದ ಮೇಲೆ. ಎಂಟು ಇನಿಂಗ್ಸಿನಲ್ಲಿ ಒಂದೇ ಅರ್ಧಶತಕ, ಓವಲ್‌ನಲ್ಲಿ 57. ಮತ್ತೆ ಕೈಬಿಟ್ಟರು. ಸಿಕ್ಕ ಚಾನ್ಸನ್ನ ಬಾಚಿಕೊಳ್ಳಲಿಲ್ಲ, ಒಪ್ಪೋಣ. ಆದರೆ 25ರ ಹುಡುಗನಿಗೆ ಕೊಡಬೇಕಾದ್ದನ್ನ 33ಕ್ಕೆ ಕೊಟ್ಟು, ನೋಡ್ದಾ ಆಗಲಿಲ್ಲ ಅನ್ನೋದು ಯಾವ ನ್ಯಾಯ?

ಈಗವನು ಕರ್ನಾಟಕಕ್ಕೆ ವಾಪಸ್ಸು ಬಂದಿದ್ದಾನೆ. 2025ರ ಅಕ್ಟೋಬರ್‌ನಲ್ಲಿ ರಾಹುಲ್ ಅಹಮದಾಬಾದಿನಲ್ಲಿ ವೆಸ್ಟ್ ಇಂಡೀಸ್ ಮೇಲೆ ನೂರು ಹೊಡೆದಿದ್ದು ನಿಮ್ಮಲ್ಲಿ ಎಲ್ಲರಿಗೂ ಗೊತ್ತು. ಅದೇ ತಿಂಗಳು ಶಿವಮೊಗ್ಗದಲ್ಲಿ ಗೋವಾ ಮೇಲೆ ಕರುಣ್ ಅಜೇಯ 174, ಅದಾದ ಮೇಲೆ ಕೇರಳದ ಮೇಲೆ 233. ರಾಹುಲ್ ಅಭಿಮಾನಿಗಳು ನನ್ನನ್ನು ಬೈದು ಪತ್ರ ಬರೆಯೋದಾದರೆ ಧಾರಾಳವಾಗಿ ಬರೀರಿ. ಕೊನೆಗೆ ಒಂದೇ ಒಂದು ಸಾಲು ಸೇರಿಸಿ: ಶಿವಮೊಗ್ಗದ 174 ನಿಮಗೆ ಗೊತ್ತಿತ್ತಾ, ಇಲ್ವಾ?